ಮೀಸೆ ತೆಗೀಬೇಡ ಎಂದ ನಿರ್ದೇಶಕ!

ನ್ಯೂಯಾರ್ಕ್ ಶಹರ. ಟೈಮ್ಸ್ ಸ್ಕ್ವೇರ್. ನೆಲದಡಿಯ ರೈಲು ನಿಲ್ದಾಣದ ಮೆಟ್ಟಿಲು ಹತ್ತಿ ಒಬ್ಬ ಆಸಾಮಿ ಮೇಲೆ ಬರುತ್ತಾನೆ. ಎತ್ತರದ ಆಳು, ಉದ್ದನೆಯ ಚರ್ಮದ ಕೋಟು, ದಪ್ಪ ಮೀಸೆ, ಕಪ್ಪು ಮೈಬಣ್ಣ. ರಸ್ತೆ ತುಂಬ ಕಾರುಗಳು ನುಗ್ಗುತ್ತಿವೆ. ಆಸಾಮಿ ನಿಲ್ಲೋದಿಲ್ಲ. ನಿಲ್ಲಬೇಕಾದ್ದು ಕಾರುಗಳು! ಹಿನ್ನೆಲೆಯಲ್ಲಿ ಐಸಾಕ್ ಹೇಯ್ಸ್ ಸಂಗೀತ. ತಾಳ ಚುರುಗುಡುತ್ತೆ, ಗಿಟಾರು ಗೊಣಗುತ್ತೆ, ಕೂತವನ ಕಾಲು ತಾನಾಗೇ ಕುಣಿಯೋಕೆ ಶುರು.

ಚಿತ್ರದ ಹೆಸರು 'ಶಾಫ್ಟ್'. ತೆರೆಗೆ ಬಂದದ್ದು 1971ರಲ್ಲಿ. ನಾಯಕ ರಿಚರ್ಡ್ ರೌಂಡ್‌ಟ್ರೀ.

ಆ ಮೀಸೆಗೊಂದು ಕಥೆ ಇದೆ. ಶೂಟಿಂಗ್ ಶುರುವಾಗುವ ಹೊತ್ತಿಗೆ ನಿರ್ಮಾಪಕರ ಕಡೆಯಿಂದ ರೌಂಡ್‌ಟ್ರೀಗೆ ಅಪ್ಪಣೆ ಬಂತು, ಮೀಸೆ ತೆಗಿ ಅಂತ. ಪಾಪ, ಹೊಸಬ. ಅಲ್ಲಿವರೆಗೆ ಫ್ಯಾಷನ್ ಮೆರವಣಿಗೆಗಳಲ್ಲಿ ಬಟ್ಟೆ ತೊಟ್ಟು ನಡೆಯುತ್ತಿದ್ದವನು. ಇಂಥ ಚಾನ್ಸು ಮತ್ತೆ ಸಿಗುತ್ತಾ? ರೇಜರ್ ಕೈಗೆತ್ತಿಕೊಂಡೇ ಬಿಟ್ಟ. ಅಷ್ಟರಲ್ಲಿ ನಿರ್ದೇಶಕ ಬಂದ. ಮೀಸೆ ಕೂಡದು ಅಂದವರು ಯಾರೇ ಇರಲಿ, ಅದು ಇರಲೇಬೇಕು ಅಂದ. ಉಳೀತು.

ಒಂದು ಮೀಸೆಗೆ ಇಷ್ಟೊಂದು ರಾದ್ಧಾಂತ ಯಾಕೆ ಅಂತೀರಾ? ಹಾಲಿವುಡ್ಡಿನ ತೆರೆ ಮೇಲೆ ಕಪ್ಪು ಮನುಷ್ಯ ಅಂದರೆ ಬಹುಕಾಲ ಬಾಗಿಲು ತೆಗೆಯುವ ಆಳು. ಇಲ್ಲಾ ಕಣ್ಣು ಹೊರಳಿಸಿ ನಗಿಸುವ ಕೋಡಂಗಿ. ಅದೂ ಇಲ್ಲ ಅಂದರೆ ಸಿಡ್ನಿ ಪಾಯ್ಟಿಯರ್‌ನ ಪಾತ್ರಗಳ ಹಾಗೆ ನುಣ್ಣಗೆ ಕ್ಷೌರ ಮಾಡಿದ ಸದ್ಗುಣಿ. (ಪಾಯ್ಟಿಯರ್ ಮಹಾನಟ, ಆ ಮಾತು ಬೇರೆ.) ಮೀಸೆ ಹೊತ್ತು, ಎದೆ ಸೆಟೆಸಿ, ಪೊಲೀಸರಿಗೂ ರೌಡಿಗಳಿಗೂ ಒಂದೇ ಧಾಟಿಯಲ್ಲಿ ಉತ್ತರ ಕೊಡುವ ಕಪ್ಪು ಗಂಡಸು ದೊಡ್ಡ ಕಂಪನಿಯ ಚಿತ್ರದಲ್ಲಿ ಕಾಣಸಿಗುತ್ತಿದ್ದದ್ದೇ ಅಪರೂಪ. ನಿರ್ದೇಶಕನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅವನೂ ಕಪ್ಪು ಮನುಷ್ಯನೇ. ಅವನಿಗೂ ಮೀಸೆ ಇತ್ತು, ಅದೂ ಹುರಿಗಟ್ಟಿದ ಮೀಸೆ!

ಅವನೇ ಗಾರ್ಡನ್ ಪಾರ್ಕ್ಸ್. ಆಗ ಅವನಿಗೆ ವಯಸ್ಸು 58. ಅದು ಅವನ ಎರಡನೇ ಚಿತ್ರ ಅಷ್ಟೇ. ಹಾಗಾದರೆ ಅಷ್ಟು ವರ್ಷ ಏನು ಮಾಡ್ತಿದ್ದ? ಫೋಟೋ ತೆಗೆದ. ಕಾದಂಬರಿ ಬರೆದ. ಪದ್ಯ ಬರೆದ. ಪಿಯಾನೋ ನುಡಿಸಿದ, ಸಂಗೀತ ಕಟ್ಟಿದ. ಆತ್ಮಕಥೆ ಒಂದಲ್ಲ, ಹಲವು ಬರೆದ. ಇಷ್ಟಕ್ಕೂ ಹೈಸ್ಕೂಲು ಮುಗಿಸಿದವನಲ್ಲ. ಪಿಯುಸಿ ಅರ್ಧಕ್ಕೇ ಬಿಟ್ಟ ನನ್ನಂಥವನಿಗೆ ಈ ಒಂದು ಕಾರಣಕ್ಕೇ ಅವನ ಮೇಲೆ ಕೊಂಚ ಜಾಸ್ತಿ ಪ್ರೀತಿ.

ಐಸ್ ನೀರಿನಲ್ಲಿ ಎದ್ದ ಮಗು

ಅಮೆರಿಕದ ನಟ್ಟನಡುವಿನ ಕ್ಯಾನ್ಸಾಸ್ ರಾಜ್ಯ, ಫೋರ್ಟ್ ಸ್ಕಾಟ್ ಎಂಬ ಸಣ್ಣ ಊರು. 1912ರ ನವೆಂಬರ್ 30ರಂದು ಒಬ್ಬ ಬಡ ಗೇಣಿದಾರನ ಮನೆಯಲ್ಲಿ ಹದಿನೈದನೇ ಮಗು ಹುಟ್ಟಿತು. ಹುಟ್ಟುವಾಗ ಎದೆಬಡಿತವೇ ಇರಲಿಲ್ಲವಂತೆ. ಸತ್ತೇ ಹೋಯಿತು ಅಂದುಕೊಂಡರು. ವೈದ್ಯನೊಬ್ಬ ಮಗುವನ್ನು ಐಸ್ ಹಾಕಿದ ನೀರಿನಲ್ಲಿ ಅದ್ದಿದ. ಮಗು ಕಿಟಾರನೆ ಕಿರುಚಿತು! ಆ ವೈದ್ಯನ ಹೆಸರನ್ನೇ ಮಗುವಿಗಿಟ್ಟರು. ಸಿನಿಮಾದಲ್ಲಿ ಈ ಸೀನು ಇಟ್ಟರೆ 'ಅತಿಯಾಯ್ತು' ಅಂತ ನೀವೇ ಬೈತೀರಿ.

ಊರಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ. ಹೈಸ್ಕೂಲು ಒಂದೇ, ಆದರೆ ಆಟಕ್ಕೆ ಸೇರಿಸೋಲ್ಲ. ಹನ್ನೊಂದು ವರ್ಷದವನಿದ್ದಾಗ ಮೂವರು ಬಿಳಿ ಹುಡುಗರು ಅವನನ್ನು ನದಿಗೆ ನೂಕಿದರು. ಈಜು ಬರೋಲ್ಲ ಅಂತ ಗೊತ್ತಿದ್ದೇ ನೂಕಿದ್ದು. ಮುಳುಗಿಯೇ ದಡಕ್ಕೆ ತೆವಳಿ ಬದುಕಿದ. ಒಬ್ಬ ಟೀಚರಮ್ಮ ಕಪ್ಪು ಮಕ್ಕಳಿಗೆಲ್ಲ ಬುದ್ಧಿ ಹೇಳುತ್ತಿದ್ದಳಂತೆ: ಕಾಲೇಜು ಅಂತ ಅಪ್ಪ ಅಮ್ಮನ ದುಡ್ಡು ಹಾಳು ಮಾಡಬೇಡಿ, ಕೊನೆಗೆ ಆಗೋದು ಮಾಣಿಗಳೇ, ಕೂಲಿಗಳೇ. ಆ ಹುಡುಗನಿಗೆ ಮುಂದೆ ನಲವತ್ತಕ್ಕೂ ಹೆಚ್ಚು ಗೌರವ ಡಾಕ್ಟರೇಟ್ ಬಂದವು!

ಹದಿಹರೆಯದಲ್ಲೇ ತಾಯಿ ತೀರಿಕೊಂಡಳು. ಹೆಣದ ಪೆಟ್ಟಿಗೆ ಮನೆಯಲ್ಲಿದ್ದ ರಾತ್ರಿ ಅದರ ಪಕ್ಕದಲ್ಲೇ ನೆಲದ ಮೇಲೆ ಮಲಗಿದ. ಸಾವಿನ ಭಯ ಬಿಟ್ಟುಹೋಗಲಿ ಅಂತ. ಆಮೇಲೆ ಅವನನ್ನು ಉತ್ತರದ ಸೇಂಟ್ ಪಾಲ್ ನಗರದಲ್ಲಿದ್ದ ಅಕ್ಕನ ಮನೆಗೆ ಕಳಿಸಿದರು. ಭಾವ ಒರಟ. ಜಗಳ ಆಯಿತು, ಕೊರೆಯುವ ಚಳಿಗಾಲದಲ್ಲಿ ಹುಡುಗನನ್ನು ಬೀದಿಗೆ ತಳ್ಳಿದ. ಎಲ್ಲಿಗೆ ಹೋಗೋದು? ಟ್ರಾಮ್ ಹತ್ತಿದ. ಸೇಂಟ್ ಪಾಲ್‌ನಿಂದ ಮಿನಿಯಾಪೊಲಿಸ್, ಮಿನಿಯಾಪೊಲಿಸ್‌ನಿಂದ ಸೇಂಟ್ ಪಾಲ್. ರಾತ್ರಿಯೆಲ್ಲ ಹೀಗೇ. ಟ್ರಾಮೇ ಮನೆ.

ಹಸಿವು ತಡೆಯಲಾರದೆ ಒಂದು ರಾತ್ರಿ ಕಂಡಕ್ಟರ್ ಎದುರು ಚಾಕು ಬಿಚ್ಚಿದ. ಆತನ ಕೈಲಿ ದುಡ್ಡಿತ್ತು. ಒಂದು ಕ್ಷಣ... ಕೈ ಏಳಲಿಲ್ಲ. "ಈ ಚಾಕು ಕೊಳ್ಳುತ್ತೀರಾ?" ಅಂತ ಕೇಳಿದ! ಇದನ್ನು ಅವನೇ 1966ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆಯುಧದ ಆಯ್ಕೆ ಎಂಬ ಅರ್ಥದ ಹೆಸರು ಆ ಪುಸ್ತಕಕ್ಕೆ.

ಆಮೇಲೆ ಮಾಡದ ಕೆಲಸವಿಲ್ಲ. ಸೂಳೆಮನೆಯಲ್ಲಿ ಪಿಯಾನೋ ಬಾರಿಸಿದ (ಕಲಿತದ್ದು ಯಾರ ಬಳಿಯೂ ಅಲ್ಲ, ಕಿವಿಯಿಂದಲೇ), ಹೋಟೆಲಲ್ಲಿ ಎಂಜಲು ಪ್ಲೇಟು ತೆಗೆದ, ಬ್ಯಾಸ್ಕೆಟ್‌ಬಾಲ್ ಆಡಿದ. ಕೊನೆಗೆ ರೈಲಿನ ಊಟದ ಬೋಗಿಯಲ್ಲಿ ಸಪ್ಲೈಯರ್ ಆದ. ಪ್ರಯಾಣಿಕರು ಓದಿ ಬಿಟ್ಟುಹೋದ ಒಂದು ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ಹೊಲ ಒಣಗಿ, ಗಂಟುಮೂಟೆ ಕಟ್ಟಿ ಊರು ಬಿಟ್ಟು ಹೊರಟ ರೈತರ ಫೋಟೋಗಳು. ಹುಡುಗ ಅವನ್ನು ಮತ್ತೆ ಮತ್ತೆ ನೋಡಿದ. 1930ರ ದಶಕದ ಕೊನೆ ಅದು. ರೈಲು ಸಿಯಾಟಲ್ ತಲುಪಿದಾಗ ಗಿರವಿ ಅಂಗಡಿಗೆ ನುಗ್ಗಿ ಹಳೆ ಕ್ಯಾಮೆರಾ ಒಂದನ್ನು ಕೊಂಡ. ಕಡಲಹಕ್ಕಿಗಳ ಫೋಟೋ ತೆಗೆಯಲು ಹೋಗಿ ನೀರಿಗೆ ಬಿದ್ದ. ಕ್ಯಾಮೆರಾ ಮಾತ್ರ ಬಿಡಲಿಲ್ಲ.

ಕಸಬರಿಗೆ ಹಿಡಿದ ಹೆಂಗಸು

1942. ವಾಷಿಂಗ್ಟನ್. ಅಷ್ಟರಲ್ಲಿ ಫ್ಯಾಷನ್ ಫೋಟೋ ತೆಗೆದು ಹೆಸರು ಮಾಡಿದ್ದ, ಷಿಕಾಗೋಗೆ ಹೋಗಿ ಕಪ್ಪು ಬಡಾವಣೆಗಳ ಚಿತ್ರ ತೆಗೆದು ಫೆಲೋಶಿಪ್ ಗಿಟ್ಟಿಸಿದ್ದ. ಆ ದುಡ್ಡಿನ ಮೇಲೆ ಸರ್ಕಾರದ ಫೋಟೋ ವಿಭಾಗಕ್ಕೆ ಬಂದ. ರೈಲಿನಲ್ಲಿ ನೋಡಿದ್ದ ರೈತರ ಫೋಟೋಗಳಿಗೆ ಹೆಸರಾದದ್ದು ಇದೇ ವಿಭಾಗ! ಮುಖ್ಯಸ್ಥ ರಾಯ್ ಸ್ಟ್ರೈಕರ್ ಮೊದಲ ದಿನವೇ ಹೇಳಿದ: ಕ್ಯಾಮೆರಾ ಇಲ್ಲಿಟ್ಟು ಊರು ಸುತ್ತಿ ಬಾ. ಹೋಟೆಲಿಗೆ ಹೋಗು, ಅಂಗಡಿಗೆ ಹೋಗು, ಸಿನಿಮಾಗೆ ಹೋಗು.

ಹೋದ. ಹೋಟೆಲಿನವರು ತಿಂಡಿ ಕೊಡಲಿಲ್ಲ. ಅಂಗಡಿಯವರು ಕೋಟು ತೋರಿಸಲಿಲ್ಲ. ಸಿನಿಮಾ ಟಾಕೀಸಿನಲ್ಲಿ ಒಳಗೇ ಬಿಡಲಿಲ್ಲ. ನೆನಪಿಡಿ, ಇದು ಅಮೆರಿಕದ ರಾಜಧಾನಿ. ಹಿಟ್ಲರನ ಜನಾಂಗ ದ್ವೇಷದ ವಿರುದ್ಧ ಯುದ್ಧಕ್ಕೆ ಇಳಿದಿದ್ದ ದೇಶದ ರಾಜಧಾನಿ!

ಕೆಂಡವಾಗಿ ಬಂದ ಪಾರ್ಕ್ಸ್‌ಗೆ ಸ್ಟ್ರೈಕರ್ ಒಂದು ಮಾತು ತಿಳಿಹೇಳಿದ. ಸೊಕ್ಕಿನವನ ಫೋಟೋ ತೆಗೆದು ಕೆಳಗೆ 'ಇವನು ಸೊಕ್ಕಿನವನು' ಅಂತ ಬರೆದರೆ ಆಗೋಲ್ಲ. ಅಲ್ಲಿ ನೆಲ ಒರೆಸುತ್ತಿದ್ದಾಳಲ್ಲ, ಆಕೆಯ ಹತ್ತಿರ ಹೋಗಿ ಮಾತಾಡು.

ಆಕೆ ಎಲ್ಲಾ ವಾಟ್ಸನ್. ಸರ್ಕಾರಿ ಕಛೇರಿಯಲ್ಲಿ ರಾತ್ರಿ ಪಾಳಿಯ ಕಸ ಗುಡಿಸುವವಳು. ವರ್ಷಕ್ಕೆ 1080 ಡಾಲರ್ ಸಂಬಳ. ಅದರಲ್ಲೇ ಮನೆಯ ಮಕ್ಕಳನ್ನೆಲ್ಲ ಸಾಕಬೇಕು. ಪಾರ್ಕ್ಸ್ ಆಕೆಯನ್ನು ಗೋಡೆಯ ಮೇಲಿನ ಅಮೆರಿಕದ ಬಾವುಟದ ಮುಂದೆ ನಿಲ್ಲಿಸಿದ. ಒಂದು ಕೈಯಲ್ಲಿ ಕಸಬರಿಗೆ, ಹಿಂದೆ ನೆಲ ಒರೆಸುವ ಕೋಲು. ಗ್ರಾಂಟ್ ವುಡ್ 1930ರಲ್ಲಿ ಬರೆದ ಪ್ರಸಿದ್ಧ ವರ್ಣಚಿತ್ರವೊಂದಿದೆ, ಕವಲುಗೋಲು ಹಿಡಿದ ಬಿಳಿ ರೈತ, ಪಕ್ಕದಲ್ಲಿ ಬಿಗಿಮುಖದ ಹೆಂಗಸು. ಅದೇ ಭಂಗಿ, ಅದೇ ನೆಟ್ಟ ನೋಟ. ಈ ಚಿತ್ರ ಹೊರಗೆ ಬಂದರೆ ನಮ್ಮೆಲ್ಲರ ಕೆಲಸ ಹೋಗುತ್ತೆ ಅಂತ ಸ್ಟ್ರೈಕರ್ ಹೌಹಾರಿದನಂತೆ. ಇವತ್ತು ಅಮೆರಿಕದ ಅತಿ ಹೆಸರಾದ ಫೋಟೋಗಳಲ್ಲಿ ಅದೂ ಒಂದು.

ನನಗೆ ಹಿಡಿಸಿದ್ದು ಅದರ ಮುಂದಿನ ಕೆಲಸ. ಒಂದು ಫೋಟೋ ತೆಗೆದು ಪಾರ್ಕ್ಸ್ ಕೈತೊಳೆದುಕೊಳ್ಳಲಿಲ್ಲ. ವಾರಗಟ್ಟಲೆ ಆಕೆಯ ಹಿಂದೆ ಹೋದ. ಮನೆಯಲ್ಲಿ ಮಕ್ಕಳಿಗೆ ಊಟ ಹಾಕುವಾಗ, ಚರ್ಚಿನಲ್ಲಿ, ಬೀದಿಯಲ್ಲಿ. ಬಾವುಟದ ಮುಂದೆ ನಿಂತ ಹೆಂಗಸು ಒಂದು ಗುರುತು ಅಷ್ಟೇ. ಈ ಚಿತ್ರಗಳಲ್ಲಿ ಆಕೆ ಒಬ್ಬ ಮನುಷ್ಯಳು.

ಕ್ಯಾಮೆರಾ ಮುಂದೆ ನಿಂತವರ ಗತಿ?

1948ರಲ್ಲಿ ಪಾರ್ಕ್ಸ್ 'ಲೈಫ್' ಪತ್ರಿಕೆಯ ಬಾಗಿಲು ತಟ್ಟಿದ. ಲಕ್ಷಾಂತರ ಅಮೆರಿಕನ್ನರ ಮನೆಗೆ ಹೋಗುತ್ತಿದ್ದ ಸಚಿತ್ರ ವಾರಪತ್ರಿಕೆ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ಹದಿನೇಳು ವರ್ಷದ ಗ್ಯಾಂಗ್ ಲೀಡರ್ ಒಬ್ಬನಿದ್ದಾನೆ, 'ರೆಡ್' ಅಂತ ಕರೀತಾರೆ, ಅವನ ಜೊತೆ ಓಡಾಡಿ ಚಿತ್ರ ತರುತ್ತೇನೆ ಅಂದ. ತಂದ. ನೂರಾರು ತಂದ. ರೆಡ್ ಮನೆಗೆಲಸ ಮಾಡುವ ಚಿತ್ರವೂ ಇತ್ತು, ತಾಯಿ ತಮ್ಮನ ಜೊತೆ ಇರುವ ಚಿತ್ರವೂ ಇತ್ತು. ಪತ್ರಿಕೆಯವರು ಆರಿಸಿದ್ದು 21. ಅದರಲ್ಲಿ ಎದ್ದು ಕಂಡದ್ದು ಹೊಡೆದಾಟ, ಹೆಣ, ಭಯ. ಎಡಿಟಿಂಗ್ ಟೇಬಲ್ ಮೇಲೆ ಕಥೆಯೇ ಬದಲಾಗುತ್ತೆ ಅನ್ನೋದು ಸಿನಿಮಾದವರಿಗೆ ಗೊತ್ತು, ಪಾರ್ಕ್ಸ್‌ಗೂ ಗೊತ್ತಾಯಿತು. ಆದರೂ ಆ ಲೇಖನದಿಂದಲೇ ಅವನಿಗೆ 'ಲೈಫ್'ನಲ್ಲಿ ಕಾಯಂ ನೌಕರಿ ಸಿಕ್ಕಿತು. ಅಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ಛಾಯಾಗ್ರಾಹಕ ಅವನೇ.

1950ರಲ್ಲಿ ಸ್ವಂತ ಊರಿಗೆ ಹೋದ. ಕಪ್ಪು ಮಕ್ಕಳ ಶಾಲೆಯಲ್ಲಿ ತನ್ನ ಜೊತೆ ಕಲಿತ ಹನ್ನೊಂದು ಮಂದಿಯನ್ನು ಹುಡುಕಿ ಹೊರಟ. ಹೆಚ್ಚಿನವರು ಊರು ಬಿಟ್ಟಿದ್ದರು. ಷಿಕಾಗೋ, ಡೆಟ್ರಾಯಿಟ್, ಸೇಂಟ್ ಲೂಯಿಸ್ ಅಂತ ಅಲೆದು ಒಬ್ಬೊಬ್ಬರನ್ನೇ ಪತ್ತೆ ಹಚ್ಚಿ, ಮನೆ ಬಾಗಿಲಲ್ಲಿ ನಿಲ್ಲಿಸಿ ಚಿತ್ರ ತೆಗೆದ. 'ಲೈಫ್' ಅದನ್ನು ಅಚ್ಚು ಹಾಕಲೇ ಇಲ್ಲ. ಜನ ನೋಡಿದ್ದು 2015ರಲ್ಲಿ, ಬಾಸ್ಟನ್ ಮ್ಯೂಸಿಯಮ್ಮಿನಲ್ಲಿ. ಪಾರ್ಕ್ಸ್ ತೀರಿಕೊಂಡು ಒಂಬತ್ತು ವರ್ಷ ಆದ ಮೇಲೆ!

ಅಚ್ಚಾದರೆ ಕಷ್ಟ ತಪ್ಪುತ್ತಿತ್ತಾ? ಅದೂ ಇಲ್ಲ. 1956ರಲ್ಲಿ ಅಲಬಾಮಾ ರಾಜ್ಯಕ್ಕೆ ಹೋಗಿ ಬಣ್ಣದ ಚಿತ್ರ ತೆಗೆದ. ಒಂದು ಚಿತ್ರವಂತೂ ಮರೆಯೋಕಾಗಲ್ಲ. ಚೆಂದದ ಫ್ರಾಕು ತೊಟ್ಟ ಹೆಂಗಸು, ಪಕ್ಕದಲ್ಲಿ ಪುಟ್ಟ ಹುಡುಗಿ, ತಲೆ ಮೇಲೆ ಉರಿಯುವ ನಿಯಾನ್ ಬೋರ್ಡು: ಕಪ್ಪು ಜನರಿಗೆ ಬೇರೆ ಬಾಗಿಲು. ಆ ಲೇಖನದಲ್ಲಿ ಧೈರ್ಯವಾಗಿ ಮಾತಾಡಿದ ಶಿಕ್ಷಕಿಯೊಬ್ಬಳ ಕೆಲಸ ಹೋಯಿತು. ಸಂಸಾರ ಊರೇ ಬಿಡಬೇಕಾಯಿತು.

1961ರಲ್ಲಿ ಬ್ರೆಜಿಲ್. ರಿಯೋ ನಗರದ ಗುಡ್ಡದ ಕೊಳೆಗೇರಿಯಲ್ಲಿ ಫ್ಲಾವಿಯೋ ಎಂಬ ಹನ್ನೆರಡು ವರ್ಷದ ಹುಡುಗ. ಅಪ್ಪ ಸೀಮೆಎಣ್ಣೆ ಮಾರುತ್ತಾನೆ, ಅಮ್ಮ ಬಟ್ಟೆ ಒಗೆಯಲು ಹೋಗುತ್ತಾಳೆ. ತಮ್ಮ ತಂಗಿಯರಿಗೆ ಅಡುಗೆ ಮಾಡಿ ಹಾಕೋದು, ಮೈ ತೊಳೆಸೋದು, ಹೊಡೆದಾಟ ಬಿಡಿಸೋದು ಎಲ್ಲ ಈ ಹುಡುಗ. ಆಸ್ತಮಾ ಬೇರೆ, ಉಸಿರಿಗೆ ಒದ್ದಾಟ. ಚಿತ್ರಗಳು ಅಚ್ಚಾದವು. ಓದುಗರು ಸುಮಾರು 30 ಸಾವಿರ ಡಾಲರ್ ಕಳಿಸಿದರು! ಫ್ಲಾವಿಯೋ ಅಮೆರಿಕದ ಡೆನ್ವರ್‌ಗೆ ಬಂದ, ಆಸ್ತಮಾ ಆಸ್ಪತ್ರೆಯಲ್ಲಿ ಎರಡು ವರ್ಷ ಇದ್ದ, ಗುಣವಾದ. ಮನೆಯವರಿಗೆ ರಿಯೋದಲ್ಲಿ ಹೊಸ ಮನೆ ಸಿಕ್ಕಿತು. ಬ್ರೆಜಿಲ್ಲಿನ ಪತ್ರಿಕೆಯೊಂದಕ್ಕೆ ಎಷ್ಟು ಸಿಟ್ಟು ಬಂತೆಂದರೆ, ತಮ್ಮ ಫೋಟೋಗ್ರಾಫರನ್ನು ನ್ಯೂಯಾರ್ಕಿಗೆ ಅಟ್ಟಿ ಅಲ್ಲಿನ ಬಡತನದ ಚಿತ್ರ ತರಿಸಿ ಅಚ್ಚು ಹಾಕಿತು. ನಿಮ್ಮನೇಲಿ ಇಲ್ವಾ ಅಂತ!

1963ರಲ್ಲಿ ಫ್ಲಾವಿಯೋನನ್ನು ವಾಪಸ್ ಕಳಿಸಿದರು. ಅವನಿಗೆ ಹೋಗಲು ಇಷ್ಟವಿರಲಿಲ್ಲ. ಎರಡು ವರ್ಷ ಇನ್ನೊಂದು ಲೋಕ ತೋರಿಸಿ ಬಾಗಿಲು ಹಾಕಿದ ಹಾಗಾಯಿತು.

ಇನ್ನೊಂದು ಕೇಳಿ. 1968ರಲ್ಲಿ ಹಾರ್ಲೆಮ್‌ನ ಒಂದು ಬಡ ಕುಟುಂಬದ ಚಿತ್ರಗಳು ಬಂದವು. ತೂತು ಗೋಡೆ, ಹೀಟರಿಲ್ಲದ ಚಳಿ, ಒಡೆದ ತುಟಿಯ ಪುಟ್ಟ ಮಗು. ಮತ್ತೆ ನೆರವು ಬಂತು, ಅವರಿಗೊಂದು ಮನೆ ಸಿಕ್ಕಿತು. ಸ್ವಲ್ಪ ದಿನಕ್ಕೇ ಆ ಮನೆಗೆ ಬೆಂಕಿ ಬಿದ್ದು ತಂದೆಯೂ ಒಬ್ಬ ಮಗನೂ ಸತ್ತರು. ನಾನು ಆ ಮನೆ ಬಾಗಿಲಿಗೆ ಹೋಗದೇ ಇದ್ದಿದ್ದರೆ... ಈ ಯೋಚನೆ ಪಾರ್ಕ್ಸ್‌ನನ್ನು ಬಿಡಲಿಲ್ಲ.

ಹೀಗೆ ಇಪ್ಪತ್ತು ವರ್ಷ ತನ್ನ ಜನರ ಗಾಯಗಳನ್ನೇ ತೋರಿಸಿದವನು, ಒಂದು ದಿನ ಗೆಲ್ಲುವ ಮನುಷ್ಯನನ್ನು ತೋರಿಸಬೇಕು ಅಂದುಕೊಂಡರೆ ಆಶ್ಚರ್ಯ ಏನಿದೆ? 'ಶಾಫ್ಟ್'ನ ಬೇರು ಇಲ್ಲೇ ಇದೆ ಅಂತ ನನ್ನ ಲೆಕ್ಕ.

ಊರಿನ ಹುಡುಗ ಊರಲ್ಲೇ ಆ್ಯಕ್ಷನ್ ಅಂದ

ಆದರೆ ಮೊದಲು ಬಂದದ್ದು 'ಶಾಫ್ಟ್' ಅಲ್ಲ. 1963ರಲ್ಲಿ ಪಾರ್ಕ್ಸ್ ತನ್ನ ಬಾಲ್ಯದ ಮೇಲೆ 'ದಿ ಲರ್ನಿಂಗ್ ಟ್ರೀ' ಕಾದಂಬರಿ ಬರೆದಿದ್ದ. ನಟ, ನಿರ್ದೇಶಕ ಜಾನ್ ಕ್ಯಾಸವೆಟಿಸ್ ವಾರ್ನರ್ ಕಂಪನಿಯಲ್ಲಿ ಇವನ ಹೆಸರು ಹೇಳಿದ. ಮಾತುಕತೆ ಮುಗಿಯುವ ಹೊತ್ತಿಗೆ ಚಿತ್ರಕಥೆ, ನಿರ್ಮಾಣ, ನಿರ್ದೇಶನ, ಸಂಗೀತ... ನಾಲ್ಕೂ ಪಾರ್ಕ್ಸ್ ಕೈಗೇ ಬಂದವು! 1969ರಲ್ಲಿ ತೆರೆ ಕಂಡಿತು. ಹಾಲಿವುಡ್ಡಿನ ದೊಡ್ಡ ಕಂಪನಿಯೊಂದರ ಕಥಾಚಿತ್ರಕ್ಕೆ ಕಪ್ಪು ನಿರ್ದೇಶಕ, ಅದೇ ಮೊದಲು. ಶೂಟಿಂಗ್ ಎಲ್ಲಿ? ಫೋರ್ಟ್ ಸ್ಕಾಟ್‌ನಲ್ಲೇ. ನದಿಗೆ ನೂಕಿಸಿಕೊಂಡ ಊರಿನಲ್ಲೇ ಕ್ರೇನಿನ ಮೇಲೆ ಕೂತು ಆ್ಯಕ್ಷನ್ ಅಂದ.

ಕಥೆಯ ಗಂಟು ಗಟ್ಟಿಯಾಗಿದೆ. 1920ರ ದಶಕ. ನ್ಯೂಟ್ ಎಂಬ ಕಪ್ಪು ಹುಡುಗನ ಕಣ್ಣೆದುರೇ ಒಂದು ಕೊಲೆ ನಡೆಯುತ್ತೆ. ಸತ್ತವನು ಬಿಳಿಯ. ಸಿಕ್ಕಿಬಿದ್ದವನೂ ಬಿಳಿಯ, ಅಮಾಯಕ. ನಿಜವಾಗಿ ಕೊಂದವನು ಕಪ್ಪು ಮನುಷ್ಯ, ನ್ಯೂಟ್‌ನ ಜೊತೆ ಓದುವ ಹುಡುಗನ ಅಪ್ಪ! ಬಾಯಿ ಬಿಟ್ಟರೆ ಊರಿನ ಬಿಳಿಯರು ಕಪ್ಪು ಜನರ ಮೇಲೆ ಬೀಳಬಹುದು. ಮುಚ್ಚಿಟ್ಟರೆ ನಿರಪರಾಧಿ ಸಾಯುತ್ತಾನೆ. ತನ್ನವರು ಮುಖ್ಯವೋ, ಸತ್ಯ ಮುಖ್ಯವೋ? ಹುಡುಗ ಕೋರ್ಟಿನಲ್ಲಿ ನಿಂತು ಹೇಳುತ್ತಾನೆ. ಅದರ ಬೆಲೆ ಏನು ಅನ್ನೋದನ್ನು ನಾನಿಲ್ಲಿ ಬಿಚ್ಚಿಡೋಲ್ಲ, ನೋಡುವವರ ಮಜಾ ಕೆಡಿಸಬಾರದು. ಒಂದು ದೂರು ಇದೆ. ಫ್ರೇಮುಗಳು ಅತಿ ಚೆಂದ! ಹೂವು, ಹೊಲ, ಸೂರ್ಯ. ಫೋಟೋಗ್ರಾಫರನ ಕಣ್ಣು ಅಲ್ಲಲ್ಲಿ ಕಥೆಯನ್ನು ಹಿಂದೆ ಹಾಕುತ್ತೆ. ಆದರೂ 1989ರಲ್ಲಿ ಅಮೆರಿಕ ಸರ್ಕಾರ ಕಾಪಾಡಿ ಇಡಬೇಕಾದ ಚಿತ್ರಗಳ ಮೊದಲ ಪಟ್ಟಿ ಮಾಡಿದಾಗ ಆಯ್ಕೆಯಾದ ಇಪ್ಪತ್ತೈದರಲ್ಲಿ ಇದೂ ಇತ್ತು.

ಎರಡು ವರ್ಷಕ್ಕೆ 'ಶಾಫ್ಟ್'. ಎಂಜಿಎಂ ಕಂಪನಿ ನಷ್ಟದಲ್ಲಿತ್ತು. ಖರ್ಚು ಉಳಿಸೋಕೆ ಲಾಸ್ ಏಂಜಲೀಸ್‌ನಲ್ಲೇ ಶೂಟಿಂಗ್ ಮಾಡು ಅಂದರು. ಪಾರ್ಕ್ಸ್ ಒಪ್ಪಲಿಲ್ಲ. ಹಾರ್ಲೆಮ್ ಬೀದಿಯ ಕೊಳೆ, ಚಳಿ, ಬಾಯಿಂದ ಬರುವ ಹಬೆ, ಇದೆಲ್ಲ ಸೆಟ್ಟಿನಲ್ಲಿ ಬರುತ್ತಾ? ಇಪ್ಪತ್ತು ವರ್ಷ ಕ್ಯಾಮೆರಾ ಹೊತ್ತು ತಿರುಗಿದ ಬೀದಿಗಳವು. ಹಟ ಗೆದ್ದಿತು.

ಕಥೆ ಅಂಥಾದ್ದೇನಲ್ಲ ಬಿಡಿ. ಗೂಂಡಾ ಸರದಾರನ ಮಗಳನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ, ಪತ್ತೇದಾರ ಶಾಫ್ಟ್ ಬಿಡಿಸಿ ತರುತ್ತಾನೆ. ಮೂಲ ಕಾದಂಬರಿ ಬರೆದ ಅರ್ನೆಸ್ಟ್ ಟೈಡಿಮನ್ ಬಿಳಿಯನೇ. ಆದರೆ ಟಾಕೀಸಿನ ಮುಂದೆ ಕಪ್ಪು ಹುಡುಗರ ಸಾಲು ಕರಗಲಿಲ್ಲ. ಹಾಕಿದ ದುಡ್ಡಿನ ಹಲವು ಪಟ್ಟು ಬಂತು, ಎಂಜಿಎಂ ಉಸಿರಾಡಿತು. ಹೇಯ್ಸ್‌ನ ಹಾಡಿಗೆ 1972ರಲ್ಲಿ ಆಸ್ಕರ್ ಬಂತು. ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ಕಲಾವಿದ ಆತ. ಅದೇ ವರ್ಷ ಬಂದ ಎರಡನೇ 'ಶಾಫ್ಟ್' ಚಿತ್ರಕ್ಕೆ ಪಾರ್ಕ್ಸ್ ತಾನೇ ಸಂಗೀತ ಕೊಟ್ಟ.

ಆಮೇಲೆ ಶುರುವಾಯಿತು ನಕಲಿಗಳ ಜಾತ್ರೆ. ಪಿಸ್ತೂಲು, ಹುಡುಗಿ, ಮಾದಕ ಮದ್ದು ಹಾಕಿದರೆ ಕಪ್ಪು ಜನ ನುಗ್ಗುತ್ತಾರೆ ಅಂತ ಕಂಪನಿಗಳು ಸಾಲಾಗಿ ಸುತ್ತಿದವು. ಕಪ್ಪು ಜನರ ಸಂಘಟನೆಗಳೇ ಛೀಮಾರಿ ಹಾಕಿದವು. 'ಶಾಫ್ಟ್'ಅನ್ನೂ ಅದೇ ಗುಂಪಿಗೆ ಸೇರಿಸಿದ್ದು ಪಾರ್ಕ್ಸ್‌ಗೆ ಹಿಡಿಸಲಿಲ್ಲ. ತಮಾಷೆ ಅಂದರೆ ಆ ಜಾತ್ರೆಯ ದೊಡ್ಡ ಹಿಟ್ಟುಗಳಲ್ಲಿ ಒಂದಾದ 'ಸೂಪರ್ ಫ್ಲೈ' (1972) ನಿರ್ದೇಶಿಸಿದವನು ಅವನ ಸ್ವಂತ ಮಗ, ಜೂನಿಯರ್ ಗಾರ್ಡನ್ ಪಾರ್ಕ್ಸ್! ಆ ಮಗ 1979ರಲ್ಲಿ ಕೀನ್ಯಾದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ.

ಪಾರ್ಕ್ಸ್‌ನ ಚಿತ್ರಗಳಲ್ಲಿ ನನ್ನ ಓಟು 'ಲೆಡ್‌ಬೆಲ್ಲಿ'ಗೆ (1976). ಹನ್ನೆರಡು ತಂತಿಯ ಗಿಟಾರು ಹಿಡಿದು ಜೈಲಿಂದ ಜೈಲಿಗೆ ಹೋದ ಹಾಡುಗಾರನ ನಿಜಕಥೆ. ಕಂಪನಿಯಲ್ಲಿ ಯಜಮಾನರು ಬದಲಾದರು, ಹೊಸಬರು ಸರಿಯಾಗಿ ಪ್ರಚಾರವನ್ನೇ ಕೊಡಲಿಲ್ಲ. ಬಂದದ್ದೂ ಗೊತ್ತಾಗದೆ ಹೋಯಿತು. 1984ರಲ್ಲಿ ಟಿವಿಗಾಗಿ ಸಾಲೊಮನ್ ನಾರ್ಥಪ್‌ನ ಕಥೆ ಮಾಡಿದ. ಸ್ವತಂತ್ರನಾಗಿದ್ದ ಕಪ್ಪು ಮನುಷ್ಯನನ್ನು ಹಿಡಿದು ಗುಲಾಮನಾಗಿ ಮಾರಿದ ಕಥೆ. ಇದೇ ಕಥೆ 2013ರಲ್ಲಿ '12 ಇಯರ್ಸ್ ಎ ಸ್ಲೇವ್' ಆಗಿ ಬಂದು ಅತ್ಯುತ್ತಮ ಚಿತ್ರದ ಆಸ್ಕರ್ ಹೊಡೆಯಿತು. ಇಪ್ಪತ್ತೊಂಬತ್ತು ವರ್ಷ ಮುಂಚೆ ಮಾಡಿದವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಫ್ಲಾವಿಯೋ ಏನಾದ ಅಂತ ನೀವು ಕೇಳಬಹುದು. 1976ರಲ್ಲಿ ಪಾರ್ಕ್ಸ್ ಮತ್ತೆ ರಿಯೋಗೆ ಹೋದ. ಹುಡುಗ ದೊಡ್ಡವನಾಗಿದ್ದ, ಮದುವೆಯಾಗಿ ಮಕ್ಕಳಿದ್ದವು, ದುಡಿದು ತಿನ್ನುತ್ತಿದ್ದ. ಅಮೆರಿಕಕ್ಕೆ ಮತ್ತೆ ಹೋಗುವ ಆಸೆ ಮಾತ್ರ ಹಾಗೇ ಇತ್ತು. ನೀನು ಒಳ್ಳೇದು ಮಾಡಿದೆಯಾ, ಕೆಟ್ಟದ್ದು ಮಾಡಿದೆಯಾ ಎಂಬ ಪ್ರಶ್ನೆಯನ್ನು ಪಾರ್ಕ್ಸ್ ತನಗೆ ತಾನೇ ಹಾಕಿಕೊಂಡು 1978ರಲ್ಲಿ ಒಂದು ಪುಸ್ತಕವನ್ನೇ ಬರೆದ. ಉತ್ತರ ಸಿಕ್ಕಿದ ಹಾಗೆ ಕಾಣೋಲ್ಲ. 1999ರಲ್ಲಿ, ಎಂಬತ್ತಾರರ ಮುದಿ ವಯಸ್ಸಿನಲ್ಲಿ, ಇನ್ನೊಂದು ಸಲ ಅವನನ್ನು ನೋಡಲು ಬ್ರೆಜಿಲ್ಲಿಗೆ ಹೋದ.

ಪಾರ್ಕ್ಸ್ 2006ರ ಮಾರ್ಚ್ 7ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. 93 ವರ್ಷ. ಮಣ್ಣು ಮಾಡಿದ್ದು ಫೋರ್ಟ್ ಸ್ಕಾಟ್‌ನಲ್ಲಿ. 2017ರಲ್ಲಿ ರ‍್ಯಾಪ್ ಹಾಡುಗಾರ ಕೆಂಡ್ರಿಕ್ ಲಮಾರ್ ತನ್ನ ಹಾಡಿನ ವಿಡಿಯೋ ಒಂದರಲ್ಲಿ ಪಾರ್ಕ್ಸ್‌ನ ಹಳೆ ಫೋಟೋಗಳನ್ನು ಫ್ರೇಮು ಫ್ರೇಮಾಗಿ ಮತ್ತೆ ಕಟ್ಟಿ ತೋರಿಸಿದ. ರೌಂಡ್‌ಟ್ರೀ ಹೋದದ್ದು 2023ರಲ್ಲಿ.

ಇನ್ನು ಅಭಿಮಾನಿಗಳಿಗೊಂದು ಸುಳಿವು. 1971ರ 'ಶಾಫ್ಟ್' ಸಿಕ್ಕರೆ, ಹಾರ್ಲೆಮ್ ಸೀನುಗಳಲ್ಲಿ ಬರುವ ಮನೆ ಮಾಲೀಕನ ಮೇಲೆ ಕಣ್ಣಿಡಿ. ಜಾನ್ ಸಿಂಗಲ್ಟನ್ 2000ದಲ್ಲಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದ ಚಿತ್ರದಲ್ಲಿ ಹಾರ್ಲೆಮ್‌ನ ಬಾರ್ ಸೀನು ಬರುತ್ತೆ, ಅಲ್ಲಿ ಒಬ್ಬ ಮುದುಕ ಕೂತಿರುತ್ತಾನೆ. ಎರಡೂ ಅವನೇ. ಎರಡನೆಯದರಲ್ಲಿ ಮೀಸೆ ಪೂರ್ತಿ ಬೆಳ್ಳಗಾಗಿದೆ.